ಮರದ ನೆರಳಿನ ನಲವತ್ತು ಕುದುರೆಗಳು

ಪರದೆಯ ಮೇಲಿನ ಕುದುರೆಗಳಿಗೆ ಲಾಳವಿಲ್ಲ ಎಂಬುದನ್ನು ಅವನು ಮೊದಲನೆಯ ಬುಧವಾರವೇ ಕಂಡುಹಿಡಿದಿದ್ದ. ಕೀಬೋರ್ಡಿನ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ನೋಟ ಆಕಾಶದಿಂದ ಕೆಳಗಿಳಿಯುತ್ತದೆ, ಬಾವುಟಗಳನ್ನು ದಾಟಿ, ರಾವುತರ ಭುಜಗಳನ್ನು ದಾಟಿ, ಕುದುರೆಯ ಹೊಟ್ಟೆಯ ಕೆಳಗೆ ಹುಲ್ಲಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಗೊರಸು. ಕುದುರೆ ಕಾಲೆತ್ತಿದಾಗ ಅಡಿಭಾಗ ಒಂದು ಕ್ಷಣ ಕಾಣುತ್ತದೆ, ಬರೀ ಮಣ್ಣಿನ ಬಣ್ಣದ ಚಪ್ಪಟೆ. ಕಬ್ಬಿಣವಿಲ್ಲ, ಮೊಳೆಯ ತಲೆಯಿಲ್ಲ, ಅರ ತಿಕ್ಕಿದ ಗುರುತಿಲ್ಲ. ಜೀನಿನ ಹೊಲಿಗೆಯನ್ನೂ ರಾವುತನ ಗಡ್ಡದ ಕೂದಲನ್ನೂ ಬಿಡದೆ ಬರೆದವರು ಕಾಲಿನ ಹತ್ತಿರ ಬಂದಾಗ ಯಾಕೆ ಕೈ ಬಿಟ್ಟರೋ ಎಂದು ಅವನಿಗೆ ಆಶ್ಚರ್ಯ. ಅವರಿಗೆ ಕುದುರೆ ಮೇಲಿನಿಂದ ಶುರುವಾಗುವ ಪ್ರಾಣಿ ಇರಬೇಕು, ಅವನಿಗೆ ಕೆಳಗಿನಿಂದ. ಹೀಗೆ ಯೋಚಿಸುತ್ತ ಅವನು ಹುಲ್ಲಿನ ಮಟ್ಟದಲ್ಲೇ ಉಳಿದುಬಿಟ್ಟಾಗ ಪಕ್ಕದ ಕುರ್ಚಿಯಿಂದ ಸವಾರ ಕೂಗಿದ್ದ: "ಲೋ ಲಾಳ, ಎಡಗಡೆ ನಮ್ಮವರು ಸಾಯ್ತಿದ್ದಾರೆ ಕಣೋ. ನೀನು ನೋಡಿದ್ರೆ ಹೊಟ್ಟೆ ಕೆಳಗೆ ಕೂತಿದ್ದೀಯ. ಮೇಲೆ ಬಾ!" ಆ ಯುದ್ಧವನ್ನು ಅವರು ಸೋತಿದ್ದರು. ಆಮೇಲಿನ ಎಲ್ಲವನ್ನೂ ಸೋತಿದ್ದರು.

ಲಾಳ ಎಂಬುದು ಅವನ ಹೆಸರಲ್ಲ. ನಗರದ ಅಶ್ವದಳದಲ್ಲಿ ಮೂವತ್ತು ವರ್ಷ ಕುದುರೆಗಳಿಗೆ ಲಾಳ ಹೊಡೆದ ಮೇಲೆ ಅದೇ ಹೆಸರಾಗಿ, ಹೆಂಡತಿ ಕೂಡ ಬದುಕಿದ್ದಷ್ಟು ದಿನ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ಸವಾರನೂ ಅದೇ ದಳದವನು, ಅವನಿಗಿಂತ ನಾಲ್ಕು ವರ್ಷ ದೊಡ್ಡವನು, ಆದ್ದರಿಂದ ಅಣ್ಣ. ದಳವನ್ನು ಮುಚ್ಚಿ ನಾಲ್ಕು ವರ್ಷವಾಯಿತು. ಲಾಯವಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಮಾವನಿಗೆ ಕುದುರೆಯಿಲ್ಲದೆ ಬೇಜಾರಾಗಬಾರದೆಂದು ಸವಾರನ ಅಳಿಯ ಹಳೆಯ ಕಂಪ್ಯೂಟರಿನಲ್ಲಿ ಈ ಯುದ್ಧದಾಟವನ್ನು ಹಾಕಿಕೊಟ್ಟು, ಇನ್ನೂರು ರಾಜರು, ಸಾವಿರ ವರ್ಷದ ಯುದ್ಧಗಳು, ಆಯುಷ್ಯಪೂರ್ತಿ ಆಡಬಹುದು ಎಂದು ಹೇಳಿ ಹೋಗಿದ್ದ. ಒಬ್ಬನಿಗೆ ಕಣ್ಣು ಸಾಲದು, ಇನ್ನೊಬ್ಬನಿಗೆ ಬೆರಳು ಚುರುಕಿಲ್ಲ. ಹಾಗಾಗಿ ಮೌಸ್ ಸವಾರನದು, ಕೀಬೋರ್ಡು ಇವನದು. ಸೈನ್ಯವನ್ನು ನಡೆಸುವವನು ಸವಾರ; ಎಲ್ಲಿ ನೋಡಬೇಕೆಂದು ತಿರುಗಿಸುವವನೂ, ಕೆಳಗಿನ ಉದ್ದನೆಯ ಗುಂಡಿಯನ್ನು ಒತ್ತಿ ಇಡೀ ಯುದ್ಧವನ್ನು ನಿಲ್ಲಿಸುವವನೂ ಇವನು. ಬುಧವಾರ ಎರಡು ಗಂಟೆಯಿಂದ ಐದರವರೆಗೆ.

ಈ ಬುಧವಾರ ಅವನು ಅಂಗಡಿಯಿಂದ ನೇರವಾಗಿ ಬಸ್ಸು ಹತ್ತಿದ್ದ. ಬೆಳಿಗ್ಗೆ ಅಂಗಡಿಯಲ್ಲಿ ಮತ್ತೊಂದು ಕೀಲಿ ಕೆಟ್ಟಿತ್ತು. ದಳ ಮುಚ್ಚಿದ ಮೇಲೆ ಅವನು ಬೀಗದ ಅಂಗಡಿಯೊಂದರಲ್ಲಿ ಮಧ್ಯಾಹ್ನದವರೆಗೆ ನಕಲು ಕೀಲಿ ತಯಾರಿಸುತ್ತಾನೆ. ದೊಡ್ಡ ಅರ ಹಿಡಿದ ಕೈಗೆ ಸಣ್ಣ ಅರ, ಅಷ್ಟೇ ವ್ಯತ್ಯಾಸ. ನಾಲ್ಕು ವರ್ಷದಲ್ಲಿ ಕೆಡದ ಕೈ ಈ ಒಂದು ವಾರದಲ್ಲಿ ಮೂರು ಕೀಲಿಗಳನ್ನು ಕೆಡಿಸಿತ್ತು. ಇವತ್ತು ಬಂದ ಹೆಂಗಸು ಜಗಳಗಂಟಿಯಲ್ಲ, ಅದೇ ಕಷ್ಟವಾದದ್ದು. ಕೀಲಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, "ಒಳಗೆ ಹೋಗತ್ತೆ, ತಿರುಗಲ್ಲ, ಇನ್ನೊಂದ್ಸಲ ನೋಡ್ತೀರಾ?" ಎಂದಳು. ಅಂಗಡಿಯವನು ಅವಳೆದುರಿಗೇ ಕೀಲಿಯನ್ನು ಬೆಳಕಿಗೆ ಹಿಡಿದು, ನಾಲಿಗೆಯಿಂದ ಲೊಚಗುಟ್ಟಿ, ತಾನೇ ಇನ್ನೊಂದನ್ನು ಕೊರೆಯಲು ಕೂತ. ಇವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಹೋದ ಬುಧವಾರ ಸವಾರ ಆಟದ ನಡುವೆ, ಪರದೆಯಿಂದ ಕಣ್ಣು ತೆಗೆಯದೆ, ಯಾರದೋ ಮನೆಯ ಸುದ್ದಿಯಂತೆ ಹೇಳಿದ್ದ. ಊರ ಹೊರಗೆ ಕುದುರೆ ಸವಾರಿ ಕಲಿಸುವ ಶಾಲೆಯೊಂದು ಶುರುವಾಗುತ್ತಿದೆ, ಕಲಿಸಲು ತನ್ನನ್ನು ಕೇಳಿದ್ದಾರೆ, ಬರುವ ಬುಧವಾರ ಐದು ಗಂಟೆಗೆ ಉತ್ತರಕ್ಕಾಗಿ ಫೋನ್ ಮಾಡುತ್ತಾರೆ. "ಆಗಲ್ಲ ಅಂತೀನಿ. ಒಂದು ಕುದುರೇನ ಕೊಂದ ಕೈ ಇದು. ಇನ್ನೊಂದನ್ನ ಹೇಗೆ ಮುಟ್ಟಲಿ?" ಆಗ ಇವನು ನೋಟವನ್ನು ಹುಲ್ಲಿನ ಮಟ್ಟಕ್ಕೆ ಇಳಿಸಿ ಗೊರಸುಗಳನ್ನು ನೋಡುತ್ತ ಕುಳಿತುಬಿಟ್ಟಿದ್ದ.

ಕೊಂದ ಕೈ ಅದಲ್ಲ. ಬಸ್ಸಿನ ಕಿಟಕಿಯ ಸರಳನ್ನು ಹಿಡಿದಿದ್ದ ತನ್ನ ಬಲಗೈಯನ್ನು ಅವನು ನೋಡಿಕೊಂಡ. ಹೆಬ್ಬೆರಳಿನ ಬುಡದಲ್ಲಿ ಸುತ್ತಿಗೆ ಹಿಡಿದು ಗಟ್ಟಿಯಾದ ಚರ್ಮ ನಾಲ್ಕು ವರ್ಷವಾದರೂ ಹೋಗಿಲ್ಲ. ಇದು.

ಇಪ್ಪತ್ತೆರಡು ಮೆಟ್ಟಿಲು ಹತ್ತಿ ಸವಾರನ ಮನೆಯ ಬಾಗಿಲು ತಟ್ಟಿದಾಗ ಅತ್ತಿಗೆ ಒದ್ದೆ ಕೈಯಲ್ಲೇ ತೆಗೆದಳು. "ಬನ್ನಿ ಬನ್ನಿ. ನಿಮ್ಮಣ್ಣ ಬೆಳಗ್ಗೆಯಿಂದ ಸೈನ್ಯ ಜೋಡಿಸ್ತಾ ಕೂತಿದ್ದಾರೆ. ಒಣಗಿದ ಬಟ್ಟೆ ಮಡಚಿ ಜೋಡಿಸಿ ಅಂದ್ರೆ ಸೊಂಟ ನೋವು." ಅವನು ನಕ್ಕು ಚಪ್ಪಲಿ ಬಿಡುತ್ತಿದ್ದಾಗ ಅವಳು ದನಿ ಇಳಿಸಿದಳು. "ಐದು ಗಂಟೆಗೆ ಫೋನ್ ಬರತ್ತೆ, ಗೊತ್ತಲ್ಲ? ನಾನು ಹೇಳಿ ಹೇಳಿ ಸಾಕಾಯ್ತು. ಮಗಳು ಸ್ಕೂಟರ್ ಹಿಂದೆ ಕೂರಿಸ್ಕೊಂಡು ಓಡಾಡಿಸ್ತಾಳೆ, ಹಾಳಾಗಿ ಹೋಗ್ಲಿ ಅಂದ್ರೆ ಒಂದು ಸೈಕಲ್ಲೂ ಮುಟ್ಟಲ್ಲ ಈ ಮನುಷ್ಯ. ನೀವಾದ್ರೂ ಹೇಳಿ. ನಿಮ್ಮ ಮಾತು ಅಂದ್ರೆ ಅವರಿಗೆ ಒಂದು ತೂಕ." ಅವನು ಹೂಂ ಎಂದ. ತೂಕ ಎಂಬ ಮಾತು ಅವನ ಜೊತೆಯಲ್ಲೇ ಹಜಾರಕ್ಕೆ ಬಂತು. ಅಲ್ಲಿ ಗೋಡೆಯ ಮೇಲೆ ದಳದ ಬೀಳ್ಕೊಡುಗೆಯ ಫೋಟೋ. ಅದರಲ್ಲಿ ಸವಾರ ಮೈಕಿನ ಮುಂದೆ ನಿಂತಿದ್ದಾನೆ, ಇವನು ಕೈಯಲ್ಲಿ ಮರದ ಫಲಕ ಹಿಡಿದಿದ್ದಾನೆ. "ಮೂವತ್ತು ವರ್ಷದಲ್ಲಿ ಈ ಲಾಳ ಒಂದು ಮೊಳೆಯನ್ನೂ ತಪ್ಪಾಗಿ ಹೊಡೆದವನಲ್ಲ. ಕುದುರೆ ಕುಂಟಿದ್ದರೆ ಅದು ನಮ್ಮಂಥ ಸವಾರರ ತಪ್ಪು" ಎಂದು ಅವತ್ತು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಫಲಕದ ಮೇಲೂ ಆ ಮಾತನ್ನೇ ಕೆತ್ತಿಸಿದ್ದರು. ಅದು ಅವನ ಮನೆಯ ಬೀರುವಿನಲ್ಲಿ, ಹೊದಿಕೆಗಳ ಕೆಳಗೆ, ಮುಖ ಅಡಿಯಾಗಿ ಬಿದ್ದಿದೆ.

ಸವಾರ ತಿರುಗಿ ನೋಡದೆ ಪಕ್ಕದ ಕುರ್ಚಿಯನ್ನು ಕಾಲಿನಿಂದ ಎಳೆದುಕೊಟ್ಟ. ಪರದೆಯ ಮೇಲೆ ಬೆಟ್ಟದ ತಪ್ಪಲು. ಕೆಳಗೆ ಬಯಲು, ಎಡಕ್ಕೊಂದು ಮರಗಳ ತೋಪು. ನಮ್ಮ ಈಟಿಯವರು ನಡುವೆ ಮೂರು ಸಾಲು, ಅವರ ಹಿಂದೆ ಬಿಲ್ಲುಗಾರರು, ತೋಪಿನೊಳಗೆ ಯಾರಿಗೂ ಕಾಣದಂತೆ ನಲವತ್ತು ಕುದುರೆ. "ನೋಡು, ಎಷ್ಟು ಚೆನ್ನಾಗಿದೆ ಜಾಗ" ಎಂದ ಸವಾರ, ಹೊಸ ಮನೆ ತೋರಿಸುವವನಂತೆ. "ಮರದ ಕೆಳಗೆ ನಿಂತ್ರೆ ಅವರಿಗೆ ಕಾಣಲ್ಲ. ಅವರು ಬಂದು ನಮ್ಮ ಈಟಿಯವರಿಗೆ ಅಂಟ್ಕೋಬೇಕು. ಅಂಟ್ಕೊಂಡ ಮೇಲೆ ಅವರಿಗೆ ತಿರುಗೋಕಾಗಲ್ಲ. ಆಗ ಹಿಂದಿನಿಂದ ಹೋಗ್ಬೇಕು." ಇವನು ಯಾವಾಗಲೂ ಕೇಳುವಂತೆ ಕೇಳಿದ: "ಎದುರಿಂದ ಯಾಕೆ ಬೇಡ ಅಣ್ಣ?" ಉತ್ತರ ಗೊತ್ತಿಲ್ಲದೆ ಕೇಳಿದ್ದಲ್ಲ, ಸವಾರ ಕುದುರೆಯ ಬಗ್ಗೆ ಮಾತನಾಡುವುದನ್ನು ಕೇಳುವುದೆಂದರೆ ಅವನಿಗೆ ಆಸೆ. "ಎದುರಿಗೆ ಈಟಿ ಚಾಚಿ ಒತ್ತೊತ್ತಾಗಿ ನಿಂತ್ರೆ ಕುದುರೆಗೆ ಅದು ಗೋಡೆ. ಕುದುರೆ ಗೋಡೆ ಗುದ್ದಲ್ಲ ಕಣೋ, ಅದಕ್ಕೆ ನಮಗಿಂತ ಬುದ್ಧಿ ಇದೆ. ನಿಂತ್ಕೊಂಡ್ಬಿಡತ್ತೆ. ನಿಂತ ಕುದುರೆ ಸತ್ತ ಹಾಗೆ. ಅದರ ಬಲ ಎಲ್ಲ ಓಟದಲ್ಲಿರೋದು." ಸವಾರನ ಎಡಗೈ ಮೇಜಿನ ಅಂಚನ್ನು ಹಗುರವಾಗಿ ಹಿಡಿದಿತ್ತು, ಕಿರುಬೆರಳು ಉಳಿದ ಬೆರಳುಗಳಿಂದ ಬೇರೆಯಾಗಿ. ಲಗಾಮು ಹಿಡಿಯುವ ರೀತಿ ಅದು. ಅವನಿಗೇ ಅದು ಗೊತ್ತಿಲ್ಲ ಎಂಬುದು ಇವನಿಗೆ ಗೊತ್ತಿತ್ತು.

ಗುದ್ದಿದ ಮೇಲೆ ಅಲ್ಲೇ ನಿಂತು ಬಡಿದಾಡಬಾರದು, ಹಿಂದಕ್ಕೆ ಸರಿದು, ಉಸಿರು ತೆಗೆದುಕೊಂಡು, ಮತ್ತೆ ಓಡಿಬಂದು ಗುದ್ದಬೇಕು. ಮೊದಲಿನಿಂದಲೇ ನಾಗಾಲೋಟ ಬಿಟ್ಟರೆ ತಲುಪುವಷ್ಟರಲ್ಲಿ ದಣಿದಿರುತ್ತವೆ. ನಡೆಸಿಕೊಂಡು ಹೋಗಿ, ಕೊನೆಯ ನೂರು ಮಾರಿನಲ್ಲಿ ಬಿಡಬೇಕು. ಓಡುವವರ ಬೆನ್ನು ಹತ್ತಬಾರದು, ಅದು ನಾಯಿಯ ಕೆಲಸ. ಇವೆಲ್ಲವನ್ನೂ ಸವಾರ ಆಟದಿಂದ ಕಲಿತದ್ದಲ್ಲ, ಆಟ ತನ್ನ ಮಾತನ್ನು ಒಪ್ಪುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ. ಒಪ್ಪಿದಾಗ, "ನೋಡಿದ್ಯಾ, ಬರೆದವನು ಕುದುರೆ ಹತ್ತಿದ್ದಾನೆ" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದ. ಆದರೆ ಪರೀಕ್ಷೆ ಮಾಡಿಸುತ್ತಿದ್ದದ್ದು ಶತ್ರುಗಳ ಕುದುರೆಗಳಿಂದ. ತನ್ನವನ್ನು ಒಂದು ದಿನವೂ ಬಿಟ್ಟವನಲ್ಲ. ಇವನು ಕುತೂಹಲದಿಂದ ಲೆಕ್ಕ ಇಟ್ಟಿದ್ದ: ಮೂವತ್ತೊಂದು ಬುಧವಾರ, ಎಂಬತ್ತಕ್ಕೂ ಹೆಚ್ಚು ಯುದ್ಧ, ಪ್ರತಿಯೊಂದರ ಕೊನೆಗೂ ಬಯಲಿನಲ್ಲಿ ನಮ್ಮ ಕಾಲಾಳುಗಳೆಲ್ಲ ಬಿದ್ದಿರುತ್ತಾರೆ, ತೋಪಿನ ನೆರಳಿನಲ್ಲಿ ನಲವತ್ತು ಕುದುರೆ ಮೈಮೇಲೆ ಒಂದು ಗೀರೂ ಇಲ್ಲದೆ ಬಾಲ ಆಡಿಸುತ್ತ ನಿಂತಿರುತ್ತವೆ. "ಹೊತ್ತು ಮೀರಿತು" ಎನ್ನುತ್ತಿದ್ದ ಸವಾರ ಪ್ರತಿಸಲವೂ. ಮೊದಮೊದಲು ಇವನಿಗೆ ಇದು ತಮಾಷೆಯಾಗಿತ್ತು. ಆಮೇಲೊಂದು ದಿನ, ಬಿಡುವ ಹೊತ್ತು ಬಂದಾಗ, ಪರದೆಯನ್ನು ಬಿಟ್ಟು ಪಕ್ಕದ ಕೈಯನ್ನು ನೋಡಿದ. ಮೌಸಿನ ಮೇಲಿನ ತೋರುಬೆರಳು ಎದ್ದು ಗಾಳಿಯಲ್ಲೇ ನಿಂತಿತ್ತು. ಅವತ್ತಿನಿಂದ ಅವನು ತಮಾಷೆ ಮಾಡಲಿಲ್ಲ.

ಸವಾರ ತಾನು ಕೊಂದೆನೆಂದುಕೊಂಡಿದ್ದ ಆ ಕುದುರೆಯೇ ಬೂದಿ. ಬೂದಿಬಣ್ಣದ ಹೆಣ್ಣುಕುದುರೆ, ಎಡಗಿವಿಯ ತುದಿ ಸ್ವಲ್ಪ ಸೀಳಿತ್ತು, ಲಾಳ ಹೊಡೆಯುವಾಗ ಇವನ ಬೆನ್ನಿನ ಮೇಲೆ ಗಲ್ಲ ಇಟ್ಟು ನಿದ್ದೆ ಮಾಡುತ್ತಿದ್ದಳು. ಹನ್ನೊಂದು ವರ್ಷದ ಕೆಳಗೆ, ಮೆರವಣಿಗೆಯ ಹಿಂದಿನ ದಿನ, ಒಂದೇ ಬೆಳಿಗ್ಗೆ ಹನ್ನೆರಡು ಕುದುರೆಗೆ ಲಾಳ. ಅವಳು ಹನ್ನೊಂದನೆಯವಳು. ಮೊಳೆ ಗೊರಸಿನ ಗಟ್ಟಿಯಾದ ಹೊರಗೋಡೆಯಲ್ಲಿ ಹೋದರೆ ಸುತ್ತಿಗೆಯ ಸದ್ದು ಏಟಿನಿಂದ ಏಟಿಗೆ ಗಟ್ಟಿಯಾಗುತ್ತದೆ. ಒಳಗಿನ ಹಸಿ ಮಾಂಸದ ಕಡೆ ತಿರುಗಿದರೆ ಮೆತ್ತಗಾಗುತ್ತದೆ. ಮೂರನೆಯ ಮೊಳೆಯ ಕೊನೆಯ ಏಟು ಮೆತ್ತಗಿತ್ತು. ಬೂದಿ ಅವನ ಬೆನ್ನಿನಿಂದ ಗಲ್ಲ ಎತ್ತಿದಳು. ಅಷ್ಟೇ. ಕಿತ್ತು, ಔಷಧಿ ಬಿಟ್ಟು, ಹತ್ತು ದಿನ ಬಿಡುವು ಎಂದು ಬರೆಸಬೇಕಿತ್ತು, ಎಲ್ಲರೆದುರು ತಪ್ಪಾಯಿತೆಂದು ಹೇಳಬೇಕಿತ್ತು. ಅಧಿಕಾರಿ ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಂತಿದ್ದ. ಅವನು ನಾಲ್ಕನೆಯ ಮೊಳೆಯನ್ನು ಕೈಗೆತ್ತಿಕೊಂಡ. ಅವತ್ತೇ ಸಂಜೆ ಸವಾರ, ಜೊತೆಯವರು ಬೇಡವೆಂದರೂ ಕೇಳದೆ, ಹುಮ್ಮಸ್ಸಿನಲ್ಲಿ ಬೂದಿಯನ್ನು ಮೈದಾನದ ಮೋಟುಗೋಡೆಯ ಮೇಲೆ ಎರಡು ಸಲ ಹಾರಿಸಿದ. ಬೆಳಗಾಗುವಷ್ಟರಲ್ಲಿ ಅವಳು ಕಾಲು ಊರುತ್ತಿರಲಿಲ್ಲ. ಡಾಕ್ಟರು ಬರುವ ಮೊದಲೇ ಇವನು ಲಾಳ ಕಳಚಿ, ಮೊಳೆ ಕಿತ್ತು, ತೂತಿಗೆ ಒದ್ದೆಮಣ್ಣು ತಿಕ್ಕಿದ್ದ. ಡಾಕ್ಟರು ಮೊಣಕಾಲನ್ನು ಮುಟ್ಟುತ್ತ, ಗೋಡೆ ಹಾರಿಸಿದ ಸುದ್ದಿ ಕೇಳುತ್ತ, ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದ್ದರು. "ಗೊರಸು ನೋಡಿದ್ಯಾ?" "ಸರಿಯಿದೆ ಡಾಕ್ಟ್ರೇ." ಮೂರು ವಾರ ಕಾಲಿಗೆ ಪಟ್ಟಿ ಸುತ್ತಿದರು, ಕೀವು ಗೊರಸಿನೊಳಗೇ ಏರುತ್ತ ಮೂಳೆಗೆ ಹೋಯಿತು. ಕೊನೆಗೆ ಸೂಜಿ ಚುಚ್ಚುವಾಗ ಸವಾರ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇಡೀ ದಳದ ಎದುರು ಮಗುವಿನ ಹಾಗೆ ಅತ್ತಿದ್ದ. ತಪ್ಪು ನನ್ನದೇ ಎಂದು ತಾನೇ ಬರೆದುಕೊಟ್ಟು, ಆಮೇಲೆ ನಿವೃತ್ತಿಯವರೆಗೂ ಮೇವಿನ ಉಗ್ರಾಣದಲ್ಲಿ ಚೀಲ ಎಣಿಸಿದ. ಮತ್ತೆ ಜೀನಿನ ಮೇಲೆ ಕೂರಲಿಲ್ಲ.

"ಎಲ್ಲಿದ್ದೀಯೋ? ಬಲಕ್ಕೆ ತಿರುಗಿಸು" ಎಂದ ಸವಾರ. ಅವನು ತಿರುಗಿಸಿದ. ಮೊದಲನೆಯ ಯುದ್ಧ ಮುಗಿದಿತ್ತು, ಎರಡನೆಯದೂ ಮುಗಿದಿತ್ತು, ಎರಡರಲ್ಲೂ ಕುದುರೆಗಳು ತೋಪಿನಲ್ಲೇ ಉಳಿದಿದ್ದವು. ಅತ್ತಿಗೆ ತಂದಿಟ್ಟ ಟೀ ಕೆನೆಗಟ್ಟಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು, ಅದರ ಮುಳ್ಳು ಇವತ್ತೇ ಯಾಕೆ ಇಷ್ಟು ಸದ್ದು ಮಾಡುತ್ತಿದೆ ಎಂದು ಅವನಿಗನ್ನಿಸಿತು. ಹೇಳದೇ ಇದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಫೋನ್ ಬರುತ್ತದೆ, ಆಗಲ್ಲ ಎನ್ನುತ್ತಾನೆ, ಬುಧವಾರಗಳು ಹೀಗೇ ನಡೆಯುತ್ತವೆ, ಅತ್ತಿಗೆ ಟೀ ತರುತ್ತಾಳೆ. ಹೇಳಿದರೆ ಈ ಕುರ್ಚಿಯಿಲ್ಲ. ಊರಿನಲ್ಲಿ ಅವನು ಬಾಗಿಲು ತಟ್ಟಬಹುದಾದ ಮನೆ ಇದೊಂದೇ, ಅವನನ್ನು ಲೋ ಎಂದು ಕರೆಯುವ ಬಾಯಿಯೂ ಇದೊಂದೇ. ಒಬ್ಬ ಮನುಷ್ಯನ ಹನ್ನೊಂದು ವರ್ಷವನ್ನು ತಿಂದು, ಅದೇ ಮನುಷ್ಯನ ಮನೆಯಲ್ಲಿ ವಾರಕ್ಕೊಮ್ಮೆ ಟೀ ಕುಡಿಯುತ್ತಿದ್ದೇನೆ ಎಂದು ಅವನಿಗೆ ಮೈ ಜುಮ್ಮೆಂದಿತು. ಆದರೂ ವಿಚಿತ್ರವಾದ ಒಂದು ಪ್ರಶ್ನೆ ಅವನ ತಲೆಯಲ್ಲಿ ಸುತ್ತುತ್ತಿತ್ತು: ಸವಾರ ಕುದುರೆ ಬಿಟ್ಟರೆ ಹೇಗೆ ಬಿಡುತ್ತಾನೆ? ಎಂಬತ್ತು ಯುದ್ಧದಿಂದ ಮಾತಿನಲ್ಲಿ ಮಾತ್ರ ಕೇಳಿದ ಆ ಓಟ ಕಣ್ಣಿಗೆ ಹೇಗೆ ಕಾಣುತ್ತದೆ? ಬೆಳಗಿನ ಮಂಜಿನಲ್ಲಿ ಬೂದಿಯ ಮೇಲೆ ಮೈದಾನ ದಾಟುತ್ತಿದ್ದವನನ್ನು ಲಾಯದ ಬಾಗಿಲಲ್ಲಿ ನಿಂತು, ಕೈಯಲ್ಲಿ ಅರ ಹಿಡಿದು, ಕೆಲಸ ಮರೆತು ನೋಡುತ್ತಿದ್ದದ್ದು ನೆನಪಾಯಿತು. ಅದನ್ನು ಇನ್ನೊಂದು ಸಲ ನೋಡಬೇಕೆಂಬ ಆಸೆ ಎಷ್ಟು ಗಟ್ಟಿಯಾಗಿತ್ತೆಂದರೆ ಅವನಿಗೇ ನಾಚಿಕೆಯಾಯಿತು.

ಮೂರನೆಯ ಯುದ್ಧದಲ್ಲಿ ಎಲ್ಲವೂ ಸವಾರ ಹೇಳಿದಂತೆಯೇ ಬಂತು. ಶತ್ರುಗಳು ಬಯಲು ದಾಟಿ ಬಂದು ನಮ್ಮ ಈಟಿಯವರಿಗೆ ಅಂಟಿಕೊಂಡರು. ಸಾಲು ಬಾಗಿತು, ಮುರಿಯಲಿಲ್ಲ. ಅವರ ಬೆನ್ನು ಪೂರ್ತಿ ತೋಪಿನ ಕಡೆಗಿತ್ತು. ಅವನು ಮೆಲ್ಲಗೆ, "ಈಗ ಬಿಡಿ ಅಣ್ಣ" ಎಂದ. "ಹೂಂ" ಎಂದ ಸವಾರ. ಮೌಸಿನ ಬಾಣದ ಗುರುತು ತೋಪಿನ ಮೇಲೆ ಹೋಗಿ ನಿಂತಿತು. ತೋರುಬೆರಳು ಎದ್ದಿತು, ಇಳಿಯಲಿಲ್ಲ. ನಮ್ಮ ಸಾಲಿನಲ್ಲಿ ಒಬ್ಬೊಬ್ಬರೇ ಬೀಳತೊಡಗಿದರು. "ಸ್ವಲ್ಪ ತಡಿ" ಎಂದ ಸವಾರ, ಯಾರಿಗೋ. "ಇನ್ನು ಸ್ವಲ್ಪ. ಈಗ ಬಿಟ್ರೆ... ಹೊತ್ತು ಮೀರಿತೇನೋ." ಹಣೆಯ ಮೇಲೆ ಬೆವರಿತ್ತು. ಅರವತ್ತೆರಡು ವರ್ಷದ ಗಂಡಸು, ಬಣ್ಣದ ಚಿತ್ರಗಳ ಮುಂದೆ ಬೆವರುತ್ತಿದ್ದ.

ಅವನು ಕೆಳಗಿನ ಉದ್ದನೆಯ ಗುಂಡಿಯನ್ನು ಒತ್ತಿದ. ಇಡೀ ಬಯಲು ಇದ್ದಲ್ಲೇ ನಿಂತಿತು. ಬಿಟ್ಟ ಬಾಣ ಗಾಳಿಯಲ್ಲಿ, ಬೀಳುತ್ತಿದ್ದವನು ಅರ್ಧದಲ್ಲಿ.

"ಏನಾಯ್ತೋ?"

"ನಾನೇ ನಿಲ್ಲಿಸ್ದೆ."

"ಯಾಕೆ? ಯಾವುದಾದ್ರೂ ಗೊರಸು ಕಣ್ಣಿಗೆ ಬಿತ್ತಾ?"

"ಅಣ್ಣ, ಬೂದಿಗೆ ಮೊಳೆ ತಾಗಿತ್ತು."

ಸವಾರ ಪರದೆಯನ್ನೇ ನೋಡುತ್ತಿದ್ದ. "ಯಾವ ಬೂದಿ?" ಎಂದ, ಬೂದಿಗಳು ನೂರಾರು ಇರುವಂತೆ.

"ನಮ್ಮ ಬೂದಿ. ನೀವು ಹಾರಿಸಿದ್ದಕ್ಕಲ್ಲ ಅವಳು ಕುಂಟಿದ್ದು. ಅವತ್ತು ಬೆಳಗ್ಗೆ ನಾನು ಹೊಡೆದ ಮೊಳೆ ಒಳಗೆ ಹಸಿ ಮಾಂಸಕ್ಕೆ ಹೋಗಿತ್ತು. ಹೊಡೀವಾಗ್ಲೇ ನಂಗೆ ಗೊತ್ತಾಯ್ತು. ಮಾರನೇ ದಿನ ಡಾಕ್ಟ್ರು ಬರೋಕೆ ಮುಂಚೆ ಕಿತ್ತು, ತೂತು ಮುಚ್ಚಿದೆ." ಇಷ್ಟನ್ನು ಹೇಳಲು ಹನ್ನೊಂದು ವರ್ಷ ಬೇಕಾಯಿತು, ಹೇಳಿ ಮುಗಿಸಲು ಒಂದು ಉಸಿರು ಸಾಕಾಯಿತು ಎಂದು ಅವನಿಗೆ ಬೆರಗಾಯಿತು.

ಸವಾರ ಮೌಸನ್ನು ಪಕ್ಕಕ್ಕೆ ಸರಿಸಿ ಕೇಳಿದ. "ಯಾವ ಕಾಲು?"

"ಎಡ ಮುಂಗಾಲು."

"ಯಾವ ಮೊಳೆ?"

"ಹೊರಗಡೆ ಮೂರನೇದು."

"ಡಾಕ್ಟ್ರು ನಿನ್ನ ಕೇಳಿದ್ರು. ನಾನು ಅಲ್ಲೇ ಇದ್ದೆ."

"ಕೇಳಿದ್ರು. ಸರಿಯಿದೆ ಅಂದೆ."

"ಅಂದೆ." ಸವಾರ ತಲೆಯಾಡಿಸಿದ, ಮರೆತಿದ್ದ ವಿಳಾಸವನ್ನು ಯಾರೋ ನೆನಪಿಸಿದಂತೆ. ಆಮೇಲೆ ಇವನ ಕಡೆಗೆ ತಿರುಗಿದ. "ಮಗಳ ಸ್ಕೂಟರ್ ಹಿಂದೆ ಕೂತ್ಕೊಂಡು ಓಡಾಡ್ತೀನಿ ನಾನು. ಬೀದಿ ಮಕ್ಕಳು ನಗ್ತಾವೆ. ಹಿಡಿಕೆ ನನ್ನ ಕೈಗೆ ಬಂದ್ರೆ ಅದನ್ನೂ ಕೊಲ್ತೀನೇನೋ ಅಂತ ಭಯ ಕಣೋ ನಂಗೆ. ಕಬ್ಬಿಣಾನ! ನಿಂಗೊತ್ತಿತ್ತು. ಇಲ್ಲೇ ಕೂತು, ಎದುರಿಂದ ಯಾಕೆ ಬೇಡ ಅಣ್ಣ, ಹಿಂದಿಂದ ಯಾಕೆ ಅಣ್ಣ ಅಂತ ಕೇಳ್ತಿದ್ದೆ."

ಕ್ಷಮಿಸಿ ಎಂಬ ಮಾತು ಇವನ ಬಾಯಿಗೆ ಬಂದು, ಬಹಳ ಅಗ್ಗವೆನಿಸಿ, ಅಲ್ಲೇ ಉಳಿಯಿತು. ಹೊಡೆದರೆ ಒಳ್ಳೆಯದಿತ್ತು. ಸವಾರ ಹೊಡೆಯಲಿಲ್ಲ. ಮೌಸನ್ನು ಹತ್ತಿರಕ್ಕೆ ಎಳೆದುಕೊಂಡ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿದ.

"ಒತ್ತು" ಎಂದ.

ಅವನು ಒತ್ತಿದ. ಗಾಳಿಯಲ್ಲಿದ್ದ ಬಾಣ ಬಿತ್ತು, ಬೀಳುತ್ತಿದ್ದವನು ಬಿದ್ದ. ತೋಪಿನಿಂದ ನಲವತ್ತು ಕುದುರೆ ಹೊರಗೆ ಬಂದವು. ಸವಾರ ಅವಸರ ಮಾಡಲಿಲ್ಲ. ನಡೆಸಿಕೊಂಡು, ದೂರದಿಂದ ಬಳಸಿ, ದಿಬ್ಬದ ಮರೆಯಲ್ಲಿ ತಂದು, ಶತ್ರುಗಳ ಬೆನ್ನಿಗೆ ಸರಿಯಾಗಿ ನಿಲ್ಲಿಸಿ ಸಾಲು ನೇರ ಮಾಡಿದ. ನಮ್ಮ ಈಟಿಯವರಲ್ಲಿ ಇನ್ನು ಕೆಲವರೇ ಉಳಿದಿದ್ದರು. ಆಗಲೂ ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಯ ನೂರು ಮಾರಿನಲ್ಲಿ ಬಿಟ್ಟ. ಇವನು ಗೊರಸು ನೋಡುವುದನ್ನು ಮರೆತು ಮೇಲಿನಿಂದಲೇ ನೋಡುತ್ತಿದ್ದ. ಕುದುರೆಗಳು ಹೋಗಿ ಗುದ್ದಿದ ರಭಸಕ್ಕೆ ಹಿಂದಿನ ಮೂರು ಸಾಲು ಕುಸಿದವು. ನಿಲ್ಲಬೇಡ ಎಂದು ಇವನು ಮನಸ್ಸಿನಲ್ಲಿ ಅಂದುಕೊಳ್ಳುವ ಮೊದಲೇ ಸವಾರ ಹಿಂದಕ್ಕೆಳೆದಿದ್ದ; ಸರಿದು, ತಿರುಗಿ, ಉಸಿರು ಕೊಟ್ಟು, ಮತ್ತೆ. ಬೆರಳು ಒಂದು ಸಲವೂ ಗಾಳಿಯಲ್ಲಿ ನಿಲ್ಲಲಿಲ್ಲ. ಮಂಜಿನ ಮೈದಾನದಲ್ಲಿ ಕಂಡಿದ್ದು ಇದೇ, ಇಷ್ಟು ಹಗುರ, ಇಷ್ಟು ನಿರ್ದಯ. ಎರಡನೆಯ ಗುದ್ದಿಗೆ ಶತ್ರುಗಳು ಚದುರಿ ಓಡಿದರು. ಸವಾರ ಅವರ ಬೆನ್ನು ಹತ್ತಲಿಲ್ಲ. ಗೆದ್ದಿದ್ದೀರಿ ಎಂದು ಪರದೆಯ ಮೇಲೆ ಕಹಳೆ ಊದಿತು. ಬಯಲಿನಲ್ಲಿ ಅಲ್ಲಲ್ಲಿ ಕುದುರೆಗಳು ಪಕ್ಕಕ್ಕೆ ಒರಗಿ ಬಿದ್ದಿದ್ದವು.

"ಒಂಬತ್ತು ಹೋದ್ವು" ಎಂದ ಸವಾರ. ಕಣ್ಣು ತುಂಬಿದ್ದರೂ ದನಿ ಗಟ್ಟಿಯಾಗಿತ್ತು. "ಈ ಒಂಬತ್ತು ನನ್ನವು. ಬೂದಿ ನಿನ್ನದು."

ಆಗ ಫೋನ್ ಹೊಡೆದುಕೊಂಡಿತು. ಅತ್ತಿಗೆ ಅಡುಗೆಮನೆಯಿಂದ ಓಡಿಬಂದು, ಇಬ್ಬರ ಮುಖವನ್ನೂ ನೋಡಿ, ಫೋನನ್ನು ಗಂಡನ ಕೈಗಿಟ್ಟಳು. ಸವಾರ ಎದ್ದು ಕಿಟಕಿಯ ಹತ್ತಿರ ಹೋದ. "ಹೂಂ, ನಾನೇ. ಬರ್ತೀನಿ. ಹೌದು, ಬುಧವಾರಾನೂ ಆಗತ್ತೆ, ಬುಧವಾರ ನಂಗೇನೂ ಕೆಲಸ ಇಲ್ಲ." ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸವಾರ ಮುಂದುವರಿಸಿದ. "ಆದ್ರೆ ಒಂದು ಮಾತು. ಲಾಳ ಹೊಡೆದ ದಿನ ಪ್ರತಿ ಕುದುರೆಯ ನಾಲ್ಕು ಕಾಲನ್ನೂ ನಾನೇ ಎತ್ತಿ, ಒತ್ತಿ ನೋಡ್ತೀನಿ. ಯಾರು ಹೊಡೆದಿದ್ರೂ ಸರಿ, ಎಷ್ಟು ವರ್ಷದಿಂದ ಹೊಡೀತಿದ್ರೂ ಸರಿ. ಅದಕ್ಕೆ ಒಪ್ಪೋದಾದ್ರೆ ಬರ್ತೀನಿ."

ಈ ಮಾತು ತನಗೆ ನೋವು ಮಾಡುತ್ತದೆಂದು ಇವನು ಕಾದ. ನೋವಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಅವನು ಎಣಿಸಿರದದ್ದು: ಅವತ್ತು ಯಾರಾದರೂ ಒಬ್ಬರು ಹೀಗೆ ತನ್ನ ಮಾತನ್ನು ನಂಬದೆ ಬಗ್ಗಿ ಕಾಲೆತ್ತಿ ನೋಡಿದ್ದರೆ ಬೂದಿ ಉಳಿಯುತ್ತಿದ್ದಳು. ಇನ್ನು ಮುಂದೆ ಎಲ್ಲೋ ಒಂದು ಲಾಯದಲ್ಲಿ ಹಾಗೆ ನೋಡುವವನೊಬ್ಬ ಇರುತ್ತಾನೆ. ಅವನು ಎದ್ದ. ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದ, ಕೆನೆಗಟ್ಟಿದ ಟೀಯನ್ನು ನಿಂತೇ ಕುಡಿದು ಲೋಟವನ್ನು ಅತ್ತಿಗೆಯ ಕೈಗೆ ಕೊಟ್ಟ. ಅವಳಿಗೆ ಏನೂ ಅರ್ಥವಾಗಿರಲಿಲ್ಲ, ಖುಷಿಯಲ್ಲಿ ಅವನ ತೋಳು ಹಿಡಿದು, "ಏನು ಹೇಳಿದ್ರಿ ಇವರಿಗೆ? ನಂಗೆ ಗೊತ್ತಿತ್ತು, ನೀವು ಹೇಳಿದ್ರೆ ಕೇಳ್ತಾರೆ ಅಂತ" ಎಂದಳು. "ಅವರೇ ಹೇಳ್ತಾರೆ ಅತ್ತಿಗೆ" ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

ಹತ್ತು ಹನ್ನೆರಡು ಮೆಟ್ಟಿಲು ಇಳಿದಿದ್ದಾಗ ಮೇಲೆ ಬಾಗಿಲು ತೆರೆಯಿತು. ಸಂಜೆಯ ಹೊತ್ತು, ಕೆಳಗಿನ ಮನೆಗಳವರು ಬಾಗಿಲು ತೆರೆದಿಟ್ಟು ಒಳಗೂ ಹೊರಗೂ ಓಡಾಡುತ್ತಿದ್ದರು. ಬಟ್ಟೆ ಬಕೆಟ್ ಹಿಡಿದ ಹೆಂಗಸೊಬ್ಬಳು ದಾರಿ ಬಿಡಲು ಗೋಡೆಗೆ ಒತ್ತಿ ನಿಂತಿದ್ದಳು.

"ಲೋ ಲಾಳ" ಎಂದು ಸವಾರನ ದನಿ ಕೇಳಿತು. "ಯಾವ ಕಾಲು ಅಂದೆ?"

ಅವನು ಮೆಟ್ಟಿಲ ಕಟಕಟೆ ಹಿಡಿದು ತಲೆಯೆತ್ತಿದ. ಮೇಲಿನಿಂದ ಬಗ್ಗಿದ ಮುಖ ಬೆಳಕಿಗೆ ಎದುರಾಗಿ, ಕೋಪವೋ ಅಳುವೋ ಕಾಣುತ್ತಿರಲಿಲ್ಲ. ಹೇಳಿಯಾಗಿದ್ದ ಮಾತೇ. ಅವನು ಆದಷ್ಟು ಗಟ್ಟಿಯಾಗಿ, ಕೆಳಗಿನ ಮನೆಗಳಿಗೂ ಕೇಳುವಂತೆ ಹೇಳಿದ:

"ಎಡ ಮುಂಗಾಲು ಅಣ್ಣ. ಹೊರಗಡೆ ಮೂರನೇ ಮೊಳೆ. ಹೊಡೆದವನು ನಾನು."